ಆಮೇಲೆ ನೆನಪಿಸು

ಮಾರ್ಚ್ ೪

ಜಾಣೆಗೆ,

ಇಲ್ಲಿ ನಾನು ಕ್ಷೇಮ, ಕಂಪ್ಯೂಟರ್ ಅಲ್ಲ.

ಏನೆಂದು ಕರೆದು ಶುರು ಮಾಡಲಿ ಎಂದು ಯೋಚಿಸುತ್ತಾ ಬೆಳಗಿನ ಚಹಾ ಆರಿಹೋಯಿತು. ಸೊಸೆ ಎನ್ನುವಂತಿಲ್ಲ, ಕೋರ್ಟಿನವರು ನಿಮ್ಮ ವಿಚ್ಛೇದನಕ್ಕೆ ಮೊಹರು ಒತ್ತಿಯಾಗಿದೆ. ನಿನ್ನನ್ನು ಹೆಸರು ಹಿಡಿದು ಕರೆದು ನನಗೆ ಅಭ್ಯಾಸವೂ ಇಲ್ಲ. ನೀನು ಈ ಮನೆಗೆ ಬಂದ ಹೊಸತರಲ್ಲಿ ಇಸ್ತ್ರಿಪೆಟ್ಟಿಗೆ ಬಿಚ್ಚಿ ಸರಿಮಾಡಿದ ದಿನ ಇಟ್ಟ ಹೆಸರನ್ನೇ ಬರೆದಿದ್ದೇನೆ. ಬೇಡವೆನಿಸಿದರೆ ಹೊಡೆದುಹಾಕಿ ಮುಂದಕ್ಕೆ ಓದು.

ನೀನು ಆ ಊರಿನ ಗ್ರಂಥಾಲಯದಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತೀಯೆಂದು ಗೊತ್ತಿತ್ತು. ಅಲ್ಲಿಗೇ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಕೇಳಬೇಕಾದ್ದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾತಾಡಿಬಿಡುತ್ತೇನೆ.

ವಿಷಯ ಇದು. ನಾನು ಈಗಲೂ ಕಣ್ಣಾಸ್ಪತ್ರೆಯ ಡಾಕ್ಟರಿಗೆ ಟೈಪ್ ಮಾಡಿಕೊಡುತ್ತೇನೆ. ಅವರು ರೋಗಿಗಳನ್ನು ನೋಡಿ ರೆಕಾರ್ಡರಿನಲ್ಲಿ ಗೊಣಗಿದ್ದನ್ನು ಹೆಡ್‌ಫೋನಿನಲ್ಲಿ ಕೇಳಿಸಿಕೊಂಡು, ಕಾಲಲ್ಲಿ ಪೆಡಲ್ ಒತ್ತಿ ನಿಲ್ಲಿಸುತ್ತಾ ಓಡಿಸುತ್ತಾ, ವರದಿ ಮಾಡುತ್ತೇನೆ. ಮಂಗಳವಾರ ಮತ್ತು ಶುಕ್ರವಾರ ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ ಆಸ್ಪತ್ರೆಯ ಕೌಂಟರಿನಲ್ಲಿ ಕೊಡುತ್ತೇನೆ. ನೀನು ಬಿಟ್ಟುಹೋದ ಕಂಪ್ಯೂಟರಿನಲ್ಲೇ ಇದೆಲ್ಲ ನಡೆದಿತ್ತು. ಈಗ ಒಂದು ವಾರದಿಂದ ಅದು ತೂಕಡಿಸುತ್ತಿದೆ. ನಾನು ಒಂದು ಸಾಲು ಟೈಪ್ ಮಾಡಿ ಮುಗಿಸಿದರೆ ಅದು ಮೊದಲ ಪದ ತೋರಿಸುತ್ತದೆ. ನಾನು ಮುಟ್ಟದೆ ಕುಳಿತಿದ್ದರೂ ಇಂಟರ್‌ನೆಟ್ ಡಬ್ಬಿಯ ದೀಪ ಪಟಪಟನೆ ಮಿಟುಕುತ್ತದೆ. ಇನ್ನೂ ವಿಚಿತ್ರವೆಂದರೆ, ಹವಾಮಾನದ ಪುಟ ತೆರೆಯುತ್ತದೆ, ಪತ್ರಿಕೆ ತೆರೆಯುತ್ತದೆ, ಆದರೆ ವೈರಸ್ಸಿಗೆ ಮದ್ದು ಕೊಡುವವರ ಪುಟ ಮಾತ್ರ ಏನು ಮಾಡಿದರೂ ತೆರೆಯುವುದಿಲ್ಲ. ಡಾಕ್ಟರ ಮನೆಗೆ ಹೋಗುವ ದಾರಿಯನ್ನೇ ಯಾರೋ ಅಗೆದು ಹಾಕಿದಂತೆ.

ನಿನ್ನ... ನನ್ನ ಮಗನಿಗೆ ಹೇಳಿದೆ. "ಎಸೆದುಬಿಡಮ್ಮಾ, ಹೊಸದು ತಗೊಂಡ್ರಾಯ್ತು" ಎಂದ. ಅವನಿಗೆ ಎಲ್ಲದಕ್ಕೂ ಅದೇ ಉತ್ತರ. ಈ ಪೆಡಲ್ ಹೊಸ ಕಂಪ್ಯೂಟರಿಗೆ ಹೊಂದುವುದಿಲ್ಲ ಎಂದು ನೀನೇ ಒಮ್ಮೆ ಹೇಳಿದ್ದೆ.

ಏನು ಮಾಡಲಿ, ಇಷ್ಟು ತಿಳಿಸು.

ನಿನಗೆ ಗೊತ್ತಿರುವ
ಅತ್ತೆ

---

ಮಾರ್ಚ್ ೯

ಅತ್ತೆಯವರಿಗೆ,

ಪತ್ರ ತಲುಪಿತು.

ಮೊದಲು ಇಂಟರ್‌ನೆಟ್ ಕೇಬಲ್ ಕಿತ್ತುಹಾಕಿ. ಈ ಪತ್ರ ಪೂರ್ತಿ ಓದುವ ಮೊದಲೇ ಕಿತ್ತು ಬನ್ನಿ. ಗೋಡೆಯ ಕಡೆಯದ್ದಲ್ಲ, ಕಂಪ್ಯೂಟರಿನ ಹಿಂಬದಿಯಲ್ಲಿ ಚಿಕ್ಕ ನಾಲಿಗೆ ಒತ್ತಿದರೆ ಕಳಚಿಕೊಳ್ಳುವುದು.

ನೋಡದೆ ಖಚಿತವಾಗಿ ಹೇಳಲಾರೆ. ಆದರೆ ನೀವು ಬರೆದ ಲಕ್ಷಣಗಳನ್ನು ನೋಡಿದರೆ ವರ್ಮ್ ಇರಬೇಕು, ಹುಳ ಎಂದುಕೊಳ್ಳಿ. ವೈರಸ್ ಎಂದರೆ ಯಾರಾದರೂ ಫೈಲ್ ತೆರೆದು ಒಳಗೆ ಬಿಟ್ಟುಕೊಳ್ಳಬೇಕು. ಹುಳಕ್ಕೆ ಯಾರ ಕೈಯೂ ಬೇಕಿಲ್ಲ. ಕಂಪ್ಯೂಟರಿನಲ್ಲಿ ಮುಚ್ಚದೆ ಬಿಟ್ಟ ಬಿರುಕು ಇದ್ದರೆ ಅದೇ ಹುಡುಕಿಕೊಂಡು ನುಗ್ಗುತ್ತದೆ, ಅಲ್ಲಿ ತನ್ನ ನಕಲು ಮಾಡಿಕೊಂಡು ಮುಂದಿನ ಮನೆ ಹುಡುಕುತ್ತದೆ. ದೀಪ ಮಿಟುಕುವುದು ಅದಕ್ಕೇ. ಮದ್ದಿನ ಪುಟಗಳಿಗೆ ಅಡ್ಡ ನಿಲ್ಲುವುದೂ ಅದರ ಕೆಲಸವೇ.

ಬಿರುಕು ಮುಚ್ಚಲು ಕಂಪನಿಯವರು ಆಗಾಗ ತೇಪೆ ಕಳಿಸುತ್ತಿರುತ್ತಾರೆ. ಅಪ್‌ಡೇಟ್ ಎನ್ನುವುದು ಅದನ್ನೇ. ನಾನಿದ್ದಾಗ ಅದು ತಾನಾಗಿಯೇ ಆಗುವಂತೆ ಇಟ್ಟಿದ್ದೆ. ಈಗಲೂ ಆಗುತ್ತಿದೆಯೇ? ಕೊನೆಯ ಬಾರಿ ಯಾವಾಗ ಆಯಿತು?

ಇನ್ನೊಂದು ಮಾತು. ಈ ಹುಳ ಪೆನ್‌ಡ್ರೈವಿನ ಮೇಲೂ ಸವಾರಿ ಮಾಡುತ್ತದೆ. ನಿಮ್ಮದನ್ನು ಇನ್ನು ಯಾವ ಯಂತ್ರಕ್ಕೂ ಚುಚ್ಚಬೇಡಿ. ಆಸ್ಪತ್ರೆಯ ಕಂಪ್ಯೂಟರಿಗೆ ಈಗಾಗಲೇ ಚುಚ್ಚಿರುವುದರಿಂದ ಅವರಿಗೆ ತಿಳಿಸಿಬಿಡಿ. ಹುಳದ ವಿಷಯದಲ್ಲಿ ತಡ ಮಾಡಿದಷ್ಟೂ ಮನೆಗಳು ಹೆಚ್ಚುತ್ತವೆ.

ಹೆಸರು ಹೊಡೆದುಹಾಕಿಲ್ಲ.

ಇತಿ,
ಗ್ರಂಥಾಲಯದಿಂದ

---

ಮಾರ್ಚ್ ೧೪

ಜಾಣೆಗೆ,

ಕೇಬಲ್ ಕಿತ್ತೆ. ದೀಪ ಮಿಟುಕುವುದು ನಿಂತಿತು. ಮನೆಯಲ್ಲಿ ಯಾರೋ ಗುಸುಗುಸು ಮಾತಾಡುತ್ತಿದ್ದವರು ನನ್ನನ್ನು ಕಂಡು ಸುಮ್ಮನಾದ ಹಾಗಾಯಿತು.

ಅಪ್‌ಡೇಟ್ ವಿಷಯ. ಅದನ್ನು ನಿಲ್ಲಿಸಿದವಳು ನಾನೇ. ನೀನು ಹೋದ ಮೇಲೆ ಒಂದು ದಿನ ಉದ್ದದೊಂದು ವರದಿ ಟೈಪ್ ಮಾಡಿ ಇನ್ನೇನು ಮುಗಿಸಬೇಕು, ಅಷ್ಟರಲ್ಲಿ ಅಪ್‌ಡೇಟ್ ಆಯಿತೆಂದು ಕಂಪ್ಯೂಟರ್ ತಾನೇ ಆರಿ ತಾನೇ ಹೊತ್ತಿಕೊಂಡಿತು. ವರದಿ ಗಾಳಿಗೆ ಹೋಯಿತು. ಅವತ್ತಿನಿಂದ ಆ ಪುಟ್ಟ ಚೌಕ ಬಂದಾಗಲೆಲ್ಲ 'ಆಮೇಲೆ ನೆನಪಿಸು' ಎಂಬುದನ್ನು ಒತ್ತುತ್ತಾ ಬಂದೆ. ಪಾಪ, ಅದೂ ತಪ್ಪದೆ ನೆನಪಿಸುತ್ತಿತ್ತು. ನಾನೂ ತಪ್ಪದೆ ಒತ್ತುತ್ತಿದ್ದೆ. ಕೊನೆಗೆ ಪಕ್ಕದ ಮನೆಯ ಫೋಟೋಗ್ರಾಫರ್ ಕೈಲಿ ಅದು ಬರದಂತೆಯೇ ಮಾಡಿಸಿದೆ.

ಆಸ್ಪತ್ರೆಯ ಸುದ್ದಿ ಹೇಳುತ್ತೇನೆ. ಅಲ್ಲಿಯೂ ಈ ವಾರ ಕಂಪ್ಯೂಟರ್‌ಗಳು ಕೈಕೊಟ್ಟಿವೆ. ಯಾರ ಸರದಿ ಯಾವಾಗ, ಯಾರಿಗೆ ಯಾವ ಕಣ್ಣು ಎಂಬುದೆಲ್ಲ ಅದರೊಳಗೇ ಸಿಕ್ಕಿಕೊಂಡಿದೆ. ನಿನ್ನ ಪತ್ರ ಬಂದ ಮೇಲೆ ವಿಷಯ ತಿಳಿಸೋಣವೆಂದೇ ಶುಕ್ರವಾರ ಹೋದೆ. ಕಣ್ಣಿಗೆ ಔಷಧಿ ಬಿಡಿಸಿಕೊಂಡವರು ಸಾಲಾಗಿ ಕಣ್ಣು ಮುಚ್ಚಿ ಕೂತಿದ್ದರು. ಕೌಂಟರಿನಲ್ಲಿ ಕೂಗಾಟ. ಅಲ್ಲಿ ಕೂರುವ ಹುಡುಗಿಯನ್ನು ನೀನು ನೋಡಿಲ್ಲ; ಬಂದವರನ್ನೆಲ್ಲ ಮಾತಾಡಿಸುತ್ತಲೇ ಇರುವುದರಿಂದ ಎಲ್ಲರೂ ಗಿಣಿ ಎನ್ನುತ್ತಾರೆ. ರಿಪೇರಿಯವನು ಬಂದು, ಇದು ಪೆನ್‌ಡ್ರೈವಿನಿಂದ ಬಂದಿರುವ ಹುಳ ಎಂದನಂತೆ. ಗಿಣಿ ಹಾಡು ಕೇಳಲು ತನ್ನ ಪೆನ್‌ಡ್ರೈವ್ ಹಾಕುತ್ತಿದ್ದಳು. ಅದರಲ್ಲಿ ಹುಳ ಸಿಕ್ಕಿತು.

"ಹಾಡು ಕೇಳೋಕೆ ಬರ್ತೀಯಾ, ಕೆಲಸ ಮಾಡೋಕಾ?" ಎಂದು ಮ್ಯಾನೇಜರ್ ಎಲ್ಲರೆದುರೇ ಕೇಳಿದ. ಬ್ಯಾಗು ತೆಗೆದುಕೊಂಡು ಮನೆಗೆ ಹೋಗೆಂದ, ಹೋದಳು.

ನಾನು ಅಲ್ಲೇ ಬೆಂಚಿನ ಮೇಲೆ ಕುಳಿತಿದ್ದೆ.

ಕಂಪ್ಯೂಟರಿಗೆ ಮುಂದೇನು ಮಾಡಬೇಕು, ಬರೆ.

ಪೆಡಲಿನ ಮೇಲೆ ಕಾಲಿಡದೆ ಕೂತಿರುವ
ಅತ್ತೆ

---

ಮಾರ್ಚ್ ೧೯

ಅತ್ತೆಯವರಿಗೆ,

ಇದರ ಜೊತೆ ಒಂದು ಸಿಡಿ ಇದೆ. ರಟ್ಟಿನ ನಡುವೆ ಇಟ್ಟಿದ್ದೇನೆ, ಮುರಿದಿರಲಾರದು. ಇಲ್ಲಿನ ಕಂಪ್ಯೂಟರಿನಲ್ಲಿ ಹುಳ ತೆಗೆಯುವ ಪ್ರೋಗ್ರಾಮನ್ನೂ ನಿಮ್ಮ ಯಂತ್ರಕ್ಕೆ ಬೇಕಾದ ತೇಪೆಗಳನ್ನೂ ಇಳಿಸಿಕೊಂಡು ಹಾಕಿದ್ದೇನೆ. ಪೆನ್‌ಡ್ರೈವಿನಲ್ಲಿ ಯಾಕೆ ಕಳಿಸಲಿಲ್ಲವೆಂದರೆ, ಅದನ್ನು ನಿಮ್ಮ ಯಂತ್ರಕ್ಕೆ ಚುಚ್ಚಿದ ಕೂಡಲೇ ಹುಳ ಹತ್ತಿಕೊಳ್ಳುತ್ತದೆ. ಸಿಡಿಯ ಮೇಲೆ ಒಮ್ಮೆ ಬರೆದದ್ದಾದ ಮೇಲೆ ಮತ್ತೇನನ್ನೂ ಬರೆಯಲಾಗದು.

ಕೇಬಲ್ ಹಾಕದೆಯೇ ಸಿಡಿ ಹಾಕಿ. 'ಮೊದಲು' ಎಂದು ಹೆಸರಿಟ್ಟಿರುವುದನ್ನು ಮೊದಲು ಓಡಿಸಿ. ಅದು ಕಂಪ್ಯೂಟರನ್ನೆಲ್ಲ ತಡಕಾಡುತ್ತದೆ, ಹೊತ್ತು ಹಿಡಿಯುತ್ತದೆ, ಎದ್ದುಹೋಗಿ ಬೇರೆ ಕೆಲಸ ಮಾಡಿಕೊಳ್ಳಿ. ಸಿಕ್ಕಿದ್ದನ್ನು ಅಳಿಸಲೇ ಎಂದು ಕೇಳಿದರೆ ಹೂಂ ಎನ್ನಿ. ಆಮೇಲೆ ಮಾತ್ರ 'ತೇಪೆ' ಎಂಬುದನ್ನು ಓಡಿಸಿ. ಬಿರುಕು ಮುಚ್ಚದೆ ಹುಳ ತೆಗೆದರೆ ನೆಟ್ ಹಾಕಿದ ಗಳಿಗೆಯಲ್ಲೇ ಮತ್ತೆ ಬರುತ್ತದೆ. ಆರಿ ಹೊತ್ತಿಕೊಳ್ಳುತ್ತದೆ, ಈ ಸಲ ಬಿಟ್ಟುಬಿಡಿ. ಕೊನೆಗೆ ಪೆನ್‌ಡ್ರೈವನ್ನು ಹಾಕಿ ಅದನ್ನೂ ತಡಕಿಸಿ. ಹಾಕುವಾಗ ಕೀಲಿಮಣೆಯ ಶಿಫ್ಟ್ ಒತ್ತಿ ಹಿಡಿದಿರಿ, ಅದು ತಾನಾಗಿ ತೆರೆದುಕೊಳ್ಳಬಾರದು.

ನಿಮ್ಮ ಪಾಸ್‌ವರ್ಡ್ ಇನ್ನೂ ನಾನು ಇಟ್ಟುಕೊಟ್ಟದ್ದೇ ಇದ್ದರೆ ಸರಿ. ಬದಲಿಸಿದ್ದರೆ ಏನೆಂದು ನನಗೆ ಹೇಳಬೇಡಿ, ಸುಲಭದ್ದಾಗಿದ್ದರೆ ಮಾತ್ರ ಬದಲಿಸಿ. ಈ ಹುಳ ಸುಲಭದ ಪಾಸ್‌ವರ್ಡ್‌ಗಳನ್ನು ಊಹಿಸುತ್ತದೆ.

ಅಲ್ಲೇ ಬೆಂಚಿನ ಮೇಲೆ ಕುಳಿತಿದ್ದೆ ಎಂದು ಬರೆದಿದ್ದೀರಿ. ಮುಂದಿನ ಸಾಲು ಇರಬಹುದೆಂದು ಹಾಳೆ ತಿರುವಿ ನೋಡಿದೆ.

ಇತಿ,
ಗ್ರಂಥಾಲಯದಿಂದ

---

ಮಾರ್ಚ್ ೨೭

ಜಾಣೆಗೆ,

ಸಿಡಿ ಸುಖವಾಗಿ ಬಂತು. ನೀನು ಹೇಳಿದಂತೆಯೇ ಮಾಡಿದೆ. 'ಮೊದಲು' ಓಡಿಸಿ, ಎದ್ದುಹೋಗು ಎಂದಿದ್ದೆಯಲ್ಲ, ಹೋಗಲಾಗಲಿಲ್ಲ. ಅಪರೇಷನ್ ಕೋಣೆಯ ಹೊರಗೆ ಕುಳಿತವರಂತೆ ಎದುರಿಗೇ ಕುಳಿತೆ. ಒಂದೊಂದೇ ಫೈಲಿನ ಹೆಸರು ಓಡುತ್ತಾ ಹೋಯಿತು. ನಡುವೆ ಎಂದೋ ನೀನು ಇಟ್ಟಿದ್ದ ಫೋಟೋಗಳ ಹೆಸರುಗಳೂ ಹಾದುಹೋದವು. ಹುಳಕ್ಕೆ ಅವುಗಳ ಮೇಲೆ ಆಸಕ್ತಿ ಇರಲಿಲ್ಲವೆಂದು ಕಾಣುತ್ತದೆ, ಏನೂ ಆಗಿಲ್ಲ.

ಮಧ್ಯಾಹ್ನ ಕಳೆಯುವ ಹೊತ್ತಿಗೆ ಕೆಂಪಕ್ಷರ ಬಂತು, ಸಿಕ್ಕಿತು ಎಂದು. ಅಳಿಸಲೇ ಎಂದಿತು. ಇಷ್ಟು ಜೋರಾಗಿ ಹೂಂ ಎಂದೆನೆಂದರೆ ಪಕ್ಕದ ಫೋಟೋಗ್ರಾಫರ್ ಏನಾಯಿತೆಂದು ಬಂದ. ತೇಪೆಯೂ ಆಯಿತು. ಆರಿತು, ಹೊತ್ತಿಕೊಂಡಿತು, ಬಿಟ್ಟುಬಿಟ್ಟೆ. ಪಾಸ್‌ವರ್ಡ್ ಬದಲಿಸಿದ್ದೇನೆ. ಹಳೆಯದು ಒಂದರಿಂದ ಆರರವರೆಗಿನ ಅಂಕಿಗಳಾಗಿತ್ತು. ನಗಬೇಡ.

ಈಗ ಕಂಪ್ಯೂಟರ್ ಎಳೆಯ ಪ್ರಾಯಕ್ಕೆ ತಿರುಗಿದೆ. ಮದ್ದಿನ ಪುಟ ತೆರೆಯುತ್ತದೆ. ಪೆಡಲ್ ಒತ್ತಿದ ಕೂಡಲೇ ಡಾಕ್ಟರು ಗೊಣಗುತ್ತಾರೆ.

ಪೆನ್‌ಡ್ರೈವಿನಲ್ಲೂ ಹುಳ ಸಿಕ್ಕಿತು. ಅದನ್ನು ಹಾಕಿದಾಗಲೆಲ್ಲ ಬರುತ್ತಿದ್ದ ಪಟ್ಟಿಯಲ್ಲಿ 'ಫೋಲ್ಡರ್ ತೆರೆ' ಎಂಬುದು ಎರಡು ಸಲ ಕಾಣುತ್ತಿದ್ದುದು ಈಗ ನೆನಪಾಗುತ್ತಿದೆ. ಮೇಲಿನದನ್ನೇ ಒತ್ತುತ್ತಿದ್ದೆ. ಅದೇ ಅದರ ವೇಷವಂತೆ, ಫೋಟೋಗ್ರಾಫರ್ ಹೇಳಿದ.

ನಿನ್ನನ್ನು ಒಂದು ಕೇಳಬೇಕು. ಇದು ಆಸ್ಪತ್ರೆಯಿಂದ ನಮ್ಮ ಮನೆಗೆ ಬಂತೋ, ನಮ್ಮ ಮನೆಯಿಂದ ಆಸ್ಪತ್ರೆಗೆ ಹೋಯಿತೋ? ನೋಡಿ ಹೇಳುವ ದಾರಿ ಇದೆಯೇ? ಫೈಲಿಗೆ ತಾರೀಖು ಇರುತ್ತದಲ್ಲ. ಗಿಣಿಯ ಜಾಗದಲ್ಲಿ ಇನ್ನೂ ಯಾರನ್ನೂ ಕೂರಿಸಿಲ್ಲ. ಮ್ಯಾನೇಜರನೇ ಕೂತು ಎಲ್ಲರ ಮೇಲೆ ರೇಗುತ್ತಾನೆ. ಖಚಿತವಾಗಿ ಗೊತ್ತಾಗದೆ ಏನಾದರೂ ಹೇಳುವುದು ಹೇಗೆ ಎಂದು ಸುಮ್ಮನಿದ್ದೇನೆ.

ಕಾಯುತ್ತಿರುವ
ಅತ್ತೆ

---

ಏಪ್ರಿಲ್ ೧

ಅತ್ತೆಯವರಿಗೆ,

ದಾರಿ ಇಲ್ಲ.

ಈ ಹುಳ ತಾನು ಇಟ್ಟ ಫೈಲಿಗೆ ಕಂಪ್ಯೂಟರಿನ ಹಳೆಯ ಫೈಲೊಂದರ ತಾರೀಖನ್ನು ಹಚ್ಚಿಕೊಳ್ಳುತ್ತದೆ. ನೀವು ನೋಡಿದರೆ ಅದು ಯಂತ್ರ ಕೊಂಡ ದಿನದಿಂದಲೂ ಅಲ್ಲೇ ಇತ್ತೇನೋ ಎನಿಸುತ್ತದೆ. ಗಿಣಿಯ ಪೆನ್‌ಡ್ರೈವಿನಲ್ಲಿ ಹುಳ ಸಿಕ್ಕಿದ್ದಕ್ಕೂ ಅರ್ಥವಿಲ್ಲ. ಹುಳ ಇರುವ ಯಂತ್ರಕ್ಕೆ ಯಾವ ಪೆನ್‌ಡ್ರೈವ್ ಚುಚ್ಚಿದರೂ ಹತ್ತಿಕೊಳ್ಳುತ್ತದೆ. ನಿಮ್ಮದರಿಂದ ಆಸ್ಪತ್ರೆಗೆ ಬಂದು ಅಲ್ಲಿಂದ ಅವಳದಕ್ಕೆ ಹೋಗಿರಬಹುದು. ಅವಳದರಿಂದ ಆಸ್ಪತ್ರೆಗೆ, ಅಲ್ಲಿಂದ ನಿಮ್ಮದಕ್ಕೆ ಬಂದಿರಬಹುದು. ನೆಟ್ಟಿನಿಂದ ನೇರವಾಗಿ ಎರಡೂ ಕಡೆ ನುಗ್ಗಿರಬಹುದು. ನಿಮ್ಮ ಯಂತ್ರಕ್ಕೆ ತೇಪೆ ಇರಲಿಲ್ಲ ಎಂಬುದೊಂದೇ ಖಚಿತ. ಆಸ್ಪತ್ರೆಯದಕ್ಕೂ ಇದ್ದಿರಲಾರದು.

ಹಾಗಾಗಿ ಖಚಿತವಾದ ಮೇಲೆ ಹೇಳೋಣ ಎಂದಿದ್ದರೆ, ಅದು ಎಂದೂ ಆಗುವುದಿಲ್ಲ. ಗೊತ್ತಿಲ್ಲ ಎಂಬುದನ್ನೇ ಹೋಗಿ ಹೇಳಬಹುದು. ಅಷ್ಟು ಸಾಕು ಅವಳಿಗೆ.

ಕಂಪ್ಯೂಟರಿನ ವಿಷಯ ಇಲ್ಲಿಗೆ ಮುಗಿಯಿತು. ಮುಂದಿನದು ಬೇರೆ.

ನಿಮ್ಮ ಮಗನ ದೊಡ್ಡಪ್ಪನವರು ನಡುಮನೆಯ ಕುರ್ಚಿಯಲ್ಲಿ ಕುಳಿತು ನಮ್ಮ ಪಂಚಾಯ್ತಿ ಮಾಡಿದ ದಿನವೂ ನೀವು ಅಲ್ಲೇ ಕುಳಿತಿದ್ದಿರಿ, ಕಿಟಕಿಯ ಪಕ್ಕದಲ್ಲಿ. "ಈ ಹುಡುಗಿಗೆ ಸಂಸಾರ ಬೇಕಿಲ್ಲ, ಕೆಲಸ ಸಿಕ್ತು ಅಂತ ಬಿಟ್ಟು ಹೊರಟಿದ್ದಾಳೆ" ಎಂದು ಅವರು ಹೇಳಿದಾಗ ನಿಮ್ಮ ಮಗ ನೆಲ ನೋಡುತ್ತಿದ್ದರು. ನಾನು ಕೆಲಸಕ್ಕೆ ಅರ್ಜಿ ಹಾಕುವುದಕ್ಕೂ ಎಷ್ಟೋ ಮೊದಲು ನಿಮ್ಮ ಮಗ ಇನ್ನೊಬ್ಬಳ ಜೊತೆ ಮನೆ ಮಾಡಿದ್ದರೆಂದು ಆ ಕೋಣೆಯಲ್ಲಿ ಮೂವರಿಗೆ ಗೊತ್ತಿತ್ತು. ಅವರಿಗೆ, ನನಗೆ, ನಿಮಗೆ. ನಾನು ಹೇಳಿದ್ದನ್ನು ಯಾರೂ ನಂಬಲಿಲ್ಲ. ನಾನು ನಿಮ್ಮ ಕಡೆ ನೋಡಿದೆ.

ಇದಕ್ಕೆ ಉತ್ತರ ಬೇಕೆಂದು ಬರೆದಿಲ್ಲ.

ಇತಿ,
ಜಾಣೆ

---

ಏಪ್ರಿಲ್ ೨೨

ಅತ್ತೆಯವರಿಗೆ,

ನಿಮ್ಮಿಂದ ಪತ್ರವಿಲ್ಲ. ಹೊಸ ತೇಪೆಗಳು ಬಂದಿವೆ. ಅಪ್‌ಡೇಟ್ ತಾನಾಗಿಯೇ ಆಗುವಂತೆ ಮತ್ತೆ ಇಟ್ಟಿದ್ದೀರೋ ಇಲ್ಲವೋ, ಒಂದು ಸಾಲು ಬರೆಯಿರಿ. ಬೇರೇನೂ ಬರೆಯಬೇಕಾಗಿಲ್ಲ.

ಇತಿ,
ಜಾಣೆ

---

ಮೇ ೬

ಜಾಣೆಗೆ,

ಇಟ್ಟಿದ್ದೇನೆ. ಟೈಪ್ ಮಾಡುವುದಕ್ಕೆ ಮುಂಚೆ ಅದರ ಮುಖ ನೋಡಿ, ಇವತ್ತೇನಾದರೂ ಆರುವ ಯೋಚನೆ ಇದೆಯೇ ಎಂದು ಕೇಳಿಯೇ ಕೂರುತ್ತೇನೆ.

ತಡವಾಗಿದ್ದಕ್ಕೆ ಕಾರಣ, ನಡೆದದ್ದು ಜಾಸ್ತಿ. ಆಸ್ಪತ್ರೆಗೆ ಹೋಗಿದ್ದೆ. ರೋಗಿಗಳೆಲ್ಲ ಹೋಗುವವರೆಗೆ ಕಾದು ಡಾಕ್ಟರ ಕೋಣೆಗೆ ಹೋದೆ. ಮ್ಯಾನೇಜರನೂ ಅಲ್ಲೇ ಇದ್ದ. "ಕೂತ್ಕೊಳ್ಳಿ" ಎಂದರು ಡಾಕ್ಟರು. ಕುಳಿತರೆ ಮಾತು ಹೊರಡುವುದಿಲ್ಲವೆಂದು ನಿಂತೇ ಹೇಳಿದೆ.

"ಹುಳ ನನ್ನ ಪೆನ್‌ಡ್ರೈವಲ್ಲೂ ಇತ್ತು ಡಾಕ್ಟ್ರೇ. ನಮ್ಮನೆ ಕಂಪ್ಯೂಟರಲ್ಲೂ ಇತ್ತು. ಇಲ್ಲಿಗೆ ನಾನೇ ತಂದಿರಬಹುದು."

"ಇರಬಹುದು ಅಂದ್ರೇನಮ್ಮಾ? ತಂದ್ರೋ ಇಲ್ವೋ?" ಎಂದ ಮ್ಯಾನೇಜರ್.

"ಅದು ಯಾರಿಗೂ ಗೊತ್ತಾಗಲ್ಲ. ತಿಳಿದವರನ್ನ ಕೇಳಿದ್ದೀನಿ. ಗಿಣಿಯಿಂದ ಬಂತು ಅಂತ ನೀವು ಹೇಳೋಕಾಗಲ್ಲ, ನನ್ನಿಂದ ಬಂತು ಅಂತ ನಾನು ಹೇಳೋಕಾಗಲ್ಲ. ಗೊತ್ತಿಲ್ದಲೇ ಅವಳೊಬ್ಬಳನ್ನ ಮನೆಗೆ ಕಳಿಸಿದ್ದೀರಲ್ಲ, ಅದು ಸರಿಯಿಲ್ಲ."

"ಹಾಗಾದ್ರೆ ನಿಮ್ಮನ್ನೂ ಕಳಿಸ್ಬೇಕಾ?"

"ಕಳಿಸಿ. ಇಲ್ಲಾ ಅವಳನ್ನ ಕರೀರಿ."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಎಲ್ಲರ ಕಣ್ಣು ನೋಡುವ ಅವರ ಕಣ್ಣನ್ನು ನಾನು ಕನ್ನಡಕವಿಲ್ಲದೆ ನೋಡಿದ್ದು ಅದೇ ಮೊದಲು, ಬಹಳ ಚಿಕ್ಕವು. "ಇದನ್ನ ಗೊತ್ತಾದ ತಕ್ಷಣ ಹೇಳ್ಬಹುದಿತ್ತಲ್ಲ?" ಎಂದರು. ಬೈಯುವ ದನಿಯಲ್ಲ, ಎಷ್ಟು ದಿನದಿಂದ ನೋವಿದೆ ಎಂದು ರೋಗಿಯನ್ನು ಕೇಳುವ ದನಿ.

ಗಿಣಿಯನ್ನು ಕರೆಸುವುದೆಂದಾಯಿತು. ನನಗೆ ಮನೆಯಿಂದ ಟೈಪ್ ಮಾಡುವುದು ಬಂದ್. ಇನ್ನು ಮುಂದೆ ಆಸ್ಪತ್ರೆಗೇ ಬಂದು, ಅಲ್ಲಿನ ಯಂತ್ರದಲ್ಲೇ, ಹೊರಗಿನ ಪೆನ್‌ಡ್ರೈವ್ ಇಲ್ಲದೆ. ಮನೆಯ ಯಂತ್ರವನ್ನು ಉಳಿಸಿಕೊಳ್ಳಲು ನಾವಿಬ್ಬರೂ ಪಟ್ಟ ಪಾಡೆಲ್ಲ ಈಗ ನನ್ನ ಪತ್ರಿಕೆ ಓದುವುದಕ್ಕಷ್ಟೇ. ನಿನಗೆ ಬೇಜಾರಾಗಬಹುದು.

ಅಲ್ಲಿಂದ ನೇರವಾಗಿ ಗಿಣಿಯ ಮನೆಗೆ ಹೋದೆ. ದರ್ಜಿಯ ಅಂಗಡಿಯ ಮೇಲಿನ ಒಂದೇ ಕೋಣೆ. ಕೆಳಗೆ ಹೊಲಿಗೆ ಯಂತ್ರ ಓಡಿದಾಗಲೆಲ್ಲ ನೆಲ ನಡುಗುತ್ತದೆ. ಬಾಗಿಲು ತೆಗೆದಳು. ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಎನ್ನಲಿಲ್ಲ.

"ಮ್ಯಾನೇಜರ್ ಫೋನ್ ಮಾಡಿದ್ರು. ನೀವು ಹೇಳಿದ್ರಂತೆ."

"ಹೂಂ."

"ಯಾವಾಗ ಗೊತ್ತಾಯ್ತು ನಿಮ್ಗೆ?"

ಸುಳ್ಳು ಹೇಳಬಹುದಿತ್ತು. "ಅವತ್ತೇ ಗೊತ್ತಿತ್ತು" ಎಂದೆ.

ಅವಳು ಸ್ವಲ್ಪ ಹೊತ್ತು ಬಾಗಿಲಿನ ಚಿಲಕವನ್ನೇ ಆಡಿಸುತ್ತಿದ್ದಳು. "ಮ್ಯಾನೇಜರ್ ಬೈದಿದ್ದು ನಂಗೇನೂ ಅನ್ನಿಸ್ಲಿಲ್ಲಮ್ಮಾ. ಅವ್ರು ಬೈಯೋದೇ ಹಂಗೆ. ನಾನು ನಿಮ್ಮ ಮುಖ ನೋಡ್ತಿದ್ದೆ. ಇವ್ರಾದ್ರೂ ಒಂದ್ಮಾತು ಹೇಳ್ತಾರೆ ಅಂತ. ನೀವು ಚೀಲದ ಬಾಯಿ ಬಿಗೀತಾ ಕೂತಿದ್ರಿ."

ಅಷ್ಟೇ ಹೇಳಿದ್ದು. ನಾನು ಮೆಟ್ಟಿಲಿಳಿದು ಬಂದೆ. ಕೆಳಗೆ ದರ್ಜಿ, ನೀರು ಬೇಕೇನಮ್ಮಾ ಎಂದು ಕೇಳಿದ. ನನ್ನ ಮುಖ ಹೇಗಿತ್ತೋ.

ಈಗ ಇಬ್ಬರೂ ಅಕ್ಕಪಕ್ಕ ಕೂರುತ್ತೇವೆ. ಅವಳ ಕೌಂಟರ್, ಅದರ ಹಿಂದೆ ನನ್ನ ಮೇಜು. ರೋಗಿಗಳ ಜೊತೆ ಮೊದಲಿನಂತೆಯೇ ಮಾತಾಡುತ್ತಾಳೆ. ನನ್ನ ಹತ್ತಿರ ಬೇಕಾದಷ್ಟೇ. ಪೆಡಲ್ ಅಲ್ಲಿನ ಯಂತ್ರಕ್ಕೆ ಹೊಂದಿಕೊಂಡಿತು, ಅಷ್ಟರಮಟ್ಟಿಗೆ ಪುಣ್ಯ.

ಇಷ್ಟೇ ಸುದ್ದಿ.

ನಿನ್ನ
ಅತ್ತೆ

---

ಮೇ ೧೯

ಅತ್ತೆಯವರಿಗೆ,

ಇಷ್ಟೇ ಸುದ್ದಿ ಎಂದು ಬರೆದಿದ್ದಿರಿ.

ಹೋದ ಭಾನುವಾರ ದೊಡ್ಡಪ್ಪನವರ ಫೋನ್ ಬಂತು. ನನ್ನ ನಂಬರ್ ಅವರಿಗೆ ಹೇಗೆ ಸಿಕ್ಕಿತೋ ಕೇಳಲಿಲ್ಲ. ನಾನು ಪುಸ್ತಕದ ಕಪಾಟುಗಳ ನಡುವೆ ನಿಂತಿದ್ದೆ, ಜೋರಾಗಿ ಮಾತಾಡುವಂತಿರಲಿಲ್ಲ. ಅವರೇ ಮಾತಾಡಿದರು.

"ನೋಡಮ್ಮಾ, ಹೋದ ತಿಂಗಳು ನಮ್ಮನೇಲಿ ಎಲ್ಲಾ ಸೇರಿದ್ವಿ. ನಿಮ್ಮತ್ತೆ ಊಟದ ಮಧ್ಯೆ ಎದ್ದು ನಿಂತ್ಳು. ಮೊದ್ಲು ಮನೆ ಬಿಟ್ಟೋನು ನನ್ನ ಮಗ, ನಂಗೆ ಗೊತ್ತಿತ್ತು, ನೀವು ತಿರುಗಾ ಮುರುಗಾ ತೀರ್ಪು ಕೊಟ್ರಿ ಅಂದ್ಳು. ಅವನು ತಟ್ಟೆ ಬಿಟ್ಟು ಎದ್ದೋದ. ನಿಂಗೆ ತಿಳಿಸ್ಬೇಕು ಅನ್ನಿಸ್ತು, ತಿಳಿಸ್ದೆ."

ಆಮೇಲೆ ಕೆಮ್ಮಿದರು. ತಪ್ಪಾಯಿತು ಎಂಬ ಮಾತು ಅವರ ಬಾಯಿಗೆ ಅಭ್ಯಾಸವಿಲ್ಲ, ಆ ಕೆಮ್ಮನ್ನೇ ಹಾಗೆಂದುಕೊಂಡೆ. ಅವತ್ತಿನಿಂದ ನಿಮ್ಮ ಮಗ ನಿಮ್ಮ ಮನೆ ಕಡೆ ಬಂದಿಲ್ಲವೆಂದೂ ಅವರೇ ಹೇಳಿದರು.

ಇದರಲ್ಲಿ ಒಂದಕ್ಷರವನ್ನೂ ನೀವು ಬರೆದಿಲ್ಲ. ಯಾಕೆ ಎಂದು ಕೇಳುವುದಿಲ್ಲ. ಫೋನ್ ಇಟ್ಟ ಮೇಲೆ ಒಂದು ಕಪಾಟಿನ ಪುಸ್ತಕಗಳನ್ನೆಲ್ಲ ಕೆಳಗಿಳಿಸಿ ಒರೆಸಿ ಮತ್ತೆ ಜೋಡಿಸಿದೆ. ಅದು ನನ್ನ ಕೆಲಸವಲ್ಲ.

ಸಂತೋಷವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಗಿಣಿಗೆ ಆದದ್ದೇ ನನಗೂ ಆಗಿದೆ ಎನ್ನಿ. ನೀವು ಹೇಳಿದ್ದು ಒಳ್ಳೆಯದಾಯಿತು. ತಡವಾಯಿತೆಂಬ ಕೋಪವೂ ಹಾಗೇ ಇದೆ. ಎರಡೂ ಒಂದೇ ಕೋಣೆಯಲ್ಲಿ ಕೂತಿವೆ, ಒಂದನ್ನೊಂದು ಮಾತಾಡಿಸುತ್ತಿಲ್ಲ.

ಜೂನ್ ಎರಡನೇ ವಾರ ಕೆಲಸದ ಮೇಲೆ ನಿಮ್ಮ ಊರಿಗೆ ಬರಬೇಕಾಗಿದೆ. ಅಲ್ಲಿನ ಗ್ರಂಥಾಲಯದವರಿಗೆ ಕಂಪ್ಯೂಟರ್ ಜೋಡಿಸಿಕೊಡಬೇಕು. ಮನೆಗೆ ಬರುತ್ತೇನೋ ಇಲ್ಲವೋ ಈಗಲೇ ಹೇಳಲಾರೆ. ಬಂದರೂ ಕೋಪ ಇಳಿಯಿತೆಂದುಕೊಳ್ಳಬೇಡಿ. ಸುಮ್ಮನೆ ಬಂದು ಮುಖ ಗಂಟಿಕ್ಕಿಕೊಂಡು ಕೂರುವುದಕ್ಕಿಂತ ಬರದಿರುವುದೇ ಮೇಲೇನೋ.

ಇತಿ,
ಜಾಣೆ

---

ಮೇ ೨೫

ಜಾಣೆಗೆ,

ಮಗ ಬರುತ್ತಾನೆ, ಇವತ್ತಲ್ಲ ನಾಳೆ. ಅವನ ಯೋಚನೆ ನನಗೆ ಬಿಡು.

ಜೂನ್ ಎರಡನೇ ವಾರ ಆಸ್ಪತ್ರೆ ಮಧ್ಯಾಹ್ನಕ್ಕೇ ಮುಚ್ಚುತ್ತದೆ, ಡಾಕ್ಟರು ಊರಲ್ಲಿರುವುದಿಲ್ಲ. ನಾನು ಮನೆಯಲ್ಲೇ ಇರುತ್ತೇನೆ. ನಿನ್ನ ಕೋಣೆಯಲ್ಲಿ ನಾನು ಹಳೇ ಪತ್ರಿಕೆಗಳನ್ನು ಒಟ್ಟಿದ್ದೆ, ತೆಗೆಸಿದ್ದೇನೆ. ಕಿಟಕಿಯ ಗಾಜು ಒಡೆದಿತ್ತು, ಹಾಕಿಸಿದ್ದೇನೆ. ನೀನು ಬರುತ್ತೀಯೆಂದಲ್ಲ, ಹೇಗೂ ಮಾಡಿಸಬೇಕಿತ್ತು.

ಕಂಪ್ಯೂಟರ್ ನೋಡುವ ನೆಪ ಬೇಡ, ಅದು ನಮ್ಮಿಬ್ಬರಿಗಿಂತ ಚೆನ್ನಾಗಿದೆ.

ಮುಖ ಗಂಟಿಕ್ಕಿಕೊಂಡು ಕೂರುತ್ತೇನೆ ಎಂದಿದ್ದೀಯ. ಕೂರು. ನಾನು ಎದುರಿಗೆ ಕೂತು ಪತ್ರಿಕೆ ಓದುತ್ತೇನೆ. ಕೋಪವನ್ನು ಬಸ್‌ಸ್ಟ್ಯಾಂಡಿನಲ್ಲಿ ಬಿಟ್ಟು ಬರಬೇಕಾಗಿಲ್ಲ, ಜೊತೆಗೇ ಕರೆದುಕೊಂಡು ಬಾ. ಇಬ್ಬರಿಗೂ ಆಗುವಷ್ಟು ಅಡುಗೆ ಮಾಡಿರುತ್ತೇನೆ.

ನಿನ್ನ
ಅತ್ತೆ